ಹದಿಮೂರು ವರ್ಷ ಪಾಳು ಬಿದ್ದ ಗಜನಿಯಲ್ಲಿ ಮತ್ತೆ ಕಗ್ಗ ಭತ್ತ ಬೆಳೆಯಬಹುದೇ? (ಅಘನಾಶಿನಿ ಅಳಿವೆ, ಕುಮಟಾ)

ಹೊಳೆದಂಡೆ ಕೇಳಿದ್ದು:

ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆಗೆ ತಾಗಿದ ಗಜನಿಯಲ್ಲಿ (ಒಡ್ಡು, ತೂಬು ಹಾಕಿ ಉಪ್ಪು ನೀರು ತಡೆದು ಮಾಡಿದ ಗದ್ದೆಬಯಲು) ಮನೆತನದ ಎರಡೂವರೆ ಎಕರೆ ಇದೆ. ಒಂದೇ ಒಡ್ಡಿನ ಒಳಗೆ ಒಟ್ಟು ಸುಮಾರು 120 ಎಕರೆ, ಮೂವತ್ತಕ್ಕೂ ಹೆಚ್ಚು ಹಿಡುವಳಿದಾರರು. ಉಪ್ಪು ತಾಳುವ ನಮ್ಮ ಕಗ್ಗ ಭತ್ತ ಬಿತ್ತದೆ ಹದಿಮೂರು ವರ್ಷ ಆಯ್ತು. ಕಲ್ಲಿನ ಒಡ್ಡು ಎರಡು ಕಡೆ ಕುಸಿದಿದೆ, ತೂಬಿನ ಹಲಗೆಗಳು ಅರ್ಧಕ್ಕರ್ಧ ಇಲ್ಲ. ಭರತದ (ಕಡಲ ಉಬ್ಬರದ) ನೀರು ಒಳಗೆ ಬಂದು ಇಳಿತಕ್ಕೆ ಹೊರಗೆ ಹೋಗುತ್ತದೆ, ಕೇಳುವವರಿಲ್ಲ. ಕಾಲು ಭಾಗದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಎದ್ದಿದೆ. ಒಂದು ಮೂಲೆಯಲ್ಲಿ ಹಿಂದೆ ಸಿಗಡಿ ಕೃಷಿಗೆ ತೋಡಿ ಬಿಟ್ಟ ಹೊಂಡಗಳಿವೆ.

ಗೊತ್ತಿರುವವರು ದಯವಿಟ್ಟು ಹೇಳಿ. ನನ್ನ ಎರಡೂವರೆ ಎಕರೆಗೆ ಮಾತ್ರ ಸುತ್ತ ಏರಿ ಕಟ್ಟಿಕೊಂಡು ಕಗ್ಗ ಬೆಳೆಯಲು ಆಗುತ್ತದೆಯೇ? ಇಷ್ಟು ವರ್ಷ ಉಪ್ಪು ನೀರು ಕುಡಿದ ಮಣ್ಣು ಒಂದೇ ಮಳೆಗಾಲದಲ್ಲಿ ಸರಿಹೋಗುತ್ತದೆಯೇ, ಪರೀಕ್ಷೆ ಹೇಗೆ? ಬೀಜ, ಬಿತ್ತನೆಯ ಕ್ರಮ ಯಾವುದು? ಅಳಿವೆ (ಹೊಳೆ ಕಡಲು ಸೇರುವ ಜಾಗ) ಈಗ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆಯಂತೆ. ಅಂದರೆ ಇನ್ನು ಗದ್ದೆಗೆ ಇಳಿಯುವ ಹಾಗೇ ಇಲ್ಲ ಎಂದು ಊರಲ್ಲಿ ಕೆಲವರು ಹೇಳುತ್ತಿದ್ದಾರೆ. ನಿಜವೇ?

ತೂಬುಹಲಗೆ ಉತ್ತರ:

ಮೊದಲ ಪ್ರಶ್ನೆಗೆ ಉತ್ತರ: ಆಗುವುದಿಲ್ಲ. ಗಜನಿ ಎಂದರೆ ಗದ್ದೆಗಳ ಗುಂಪಲ್ಲ, ಒಂದೇ ನೀರಿನ ಪಾತ್ರೆ. ನಿಮ್ಮ ಎರಡೂವರೆ ಎಕರೆಗೆ ಸುತ್ತ ಏರಿ ಹಾಕಿದರೆ ಭರತದ ನೀರು ನಾಲ್ಕೂ ಕಡೆಯಿಂದ ಒತ್ತುತ್ತದೆ, ಅಡಿಯಿಂದ ಉಪ್ಪು ಜಿನುಗುತ್ತದೆ. ಒಳಗಿನ ಮಳೆನೀರನ್ನು ಹೊರಗೆ ಬಿಡಲು ಬೇರೆ ದಾರಿಯೂ ಇರುವುದಿಲ್ಲ. ಅರ್ಧ ಎಕರೆ ಏರಿಗೇ ಹೋಗುತ್ತದೆ. ಆದ್ದರಿಂದ ಕೆಲಸ ಶುರುವಾಗುವುದು ತೂಬಿನಿಂದ, ತೂಬಿಗಿಂತಲೂ ಮುಂಚೆ ಆ ಮೂವತ್ತು ಮನೆಗಳ ಒಪ್ಪಿಗೆಯಿಂದ.

ತೂಬಿನ ಲೆಕ್ಕ ಹೀಗೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಭರತ ಏರುವುದೂ ಹೆಚ್ಚು, ಇಳಿತ ಇಳಿಯುವುದೂ ಹೆಚ್ಚು. ಅಷ್ಟಮಿ ಹತ್ತಿರ ಎರಡೂ ಕಡಿಮೆ. ಅಳಿವೆ ಬಾಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಭರತ ಹಗಲು–ರಾತ್ರಿ ಹನ್ನೊಂದು ಹನ್ನೆರಡರ ಆಸುಪಾಸು ತುಂಬುತ್ತದೆ, ಹೊಳೆಯ ಮೇಲಕ್ಕೆ ಹೋದಂತೆ ತಡವಾಗುತ್ತದೆ. ಅಂದರೆ ಆ ದಿನಗಳಲ್ಲಿ ದೊಡ್ಡ ಇಳಿತ ಸಿಗುವುದು ಬೆಳಗಿನ ಜಾವ ಮತ್ತು ಸಂಜೆ. ಒಳಗಿನ ನೀರು ಬಸಿಯಲು ಅದೇ ಹೊತ್ತು. ಜೂನ್ ತಿಂಗಳಲ್ಲಿ ಸಿಗುವ ಎರಡು ದೊಡ್ಡ ಇಳಿತದ ವಾರಗಳನ್ನು ಬಿಟ್ಟುಕೊಟ್ಟರೆ ಉಪ್ಪು ತೊಳೆಯುವ ಕೆಲಸ ಅರ್ಧ ತಿಂಗಳು ಹಿಂದೆ ಬೀಳುತ್ತದೆ.

ತೂಬಿನ ಗೋಡೆಯಲ್ಲಿ ಹಲಗೆ ಕೂರಿಸುವ ಗಾಡಿ (ಸೀಳು) ಎರಡು ಸಾಲು ಇರಬೇಕು, ನಡುವೆ ಒಂದೂವರೆ ಅಡಿ ಅಂತರ. ಎರಡೂ ಸಾಲಿಗೆ ಹಲಗೆ ಇಳಿಸಿ ನಡುವೆ ಜೇಡಿಮಣ್ಣು ತುಂಬಿ ತುಳಿದರೆ ಮಾತ್ರ ನೀರು ನಿಲ್ಲುತ್ತದೆ. ಒಂದೇ ಸಾಲಿನ ಹಲಗೆಯ ಸಂದಿಗೆ ಹುಲ್ಲು, ತೆಂಗಿನ ನಾರು ತುರುಕಿ ನಿಲ್ಲಿಸುತ್ತೇವೆ ಎಂಬುದು ಎರಡು ಭರತದ ಮಾತು. ಮರದ ಹಲಗೆಯಾದರೆ 5 ಸೆಂ.ಮೀ.ಗೆ ಕಡಿಮೆ ಬೇಡ. ಒಳಗೆ ಖಾಲಿ, ಹೊರಗೆ ಒಂದೂವರೆ ಮೀಟರ್ ನೀರು ಇದ್ದಾಗ ತಳದ ಹಲಗೆಯ ಮೇಲೆ, ಅದು ಒಂದು ಮೀಟರ್ ಉದ್ದ, 20 ಸೆಂ.ಮೀ. ಎತ್ತರದ್ದಾದರೆ, ಸುಮಾರು 300 ಕಿಲೋ ಒತ್ತಡ ಬೀಳುತ್ತದೆ. ಅದೇ ಕಾರಣಕ್ಕೆ ಭರತದ ಹೊತ್ತಿನಲ್ಲಿ ಹಲಗೆ ಎಳೆಯಲು ಹೋಗಿ ಕೊಕ್ಕೆ ಮುರಿದುಕೊಳ್ಳುತ್ತಾರೆ. ಒಳಗಿನ ಮಟ್ಟ, ಹೊರಗಿನ ಮಟ್ಟ ಸಮವಾಗುವವರೆಗೆ ಕಾಯಿರಿ, ಇಬ್ಬರು ಸಲೀಸಾಗಿ ಎತ್ತುತ್ತಾರೆ.

ಮರ ಹಾಳಾಗುವುದು ಕೊಳೆತು ಮಾತ್ರವಲ್ಲ. ಉಪ್ಪು ನೀರಿನಲ್ಲಿ ಮರ ಕೊರೆಯುವ ಹುಳು ಇದೆ, ಹೊರಗಿನಿಂದ ಸೂಜಿಮೊನೆಯಷ್ಟು ತೂತು, ಒಳಗೆಲ್ಲ ಪೊಳ್ಳು. ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರೆ ಸದ್ದು ಹೇಳುತ್ತದೆ. ಕಬ್ಬಿಣದ ಗೇಟು ಹಾಕಿದ ಕಡೆ ತುಕ್ಕು ಹಿಡಿದು ಗಾಡಿಯಲ್ಲೇ ಕಚ್ಚಿಕೊಳ್ಳುತ್ತದೆ. ಈಗ ಫೈಬರ್ ಹಲಗೆ ಸಿಗುತ್ತದೆ. ಹುಳು, ತುಕ್ಕು ಎರಡರ ಕಾಟವೂ ಇಲ್ಲ, ಆದರೆ ಹಗುರ. ಮೇಲಿನಿಂದ ಬೆಣೆ ಹೊಡೆದು ಕೂರಿಸಬೇಕು.

ಒಡ್ಡು: ಕುಸಿದ ಎರಡು ಜಾಗಕ್ಕಿಂತ ಹೆಚ್ಚು ಅಪಾಯ ಕಾಣದ ಏಡಿ ಬಿಲಗಳದ್ದು. ಬಿಲದ ಬಾಯಿಗೆ ಮಣ್ಣು ಮೆತ್ತಿದರೆ ಪ್ರಯೋಜನವಿಲ್ಲ, ಒಳಗಿನ ಕೊಳವೆ ಹಾಗೇ ಇರುತ್ತದೆ. ಮುಂದಿನ ಹುಣ್ಣಿಮೆಯ ಭರತ ಅದರಲ್ಲೇ ನುಗ್ಗಿ ಮಣ್ಣು ಕೊಚ್ಚುತ್ತದೆ. ಒಡ್ಡಿನ ನಡುವೆ ಒಂದಡಿ ಅಗಲದ ಚರಂಡಿಯನ್ನು ಬಿಲದ ಆಳಕ್ಕಿಂತ ಅರ್ಧ ಅಡಿ ಕೆಳಗಿನವರೆಗೆ ತೆಗೆದು, ಹೊಸ ಜೇಡಿಯನ್ನು ಆರಾರು ಅಂಗುಲದ ಪದರವಾಗಿ ಹಾಕಿ ಕುಟ್ಟಬೇಕು. ಒಣಗಿದ ಹೆಂಟೆ ಹಾಕಬೇಡಿ, ಸಂದಿ ಉಳಿಯುತ್ತದೆ. ಒದ್ದೆ ಜೇಡಿಯೇ ಆಗಬೇಕು. ಒಡ್ಡಿನ ನೆತ್ತಿಯ ಮೇಲೆ ತೆಂಗು, ಗಾಳಿಮರ ನೆಡುವವರಿದ್ದಾರೆ. ಗಾಳಿಗೆ ಮರ ಅಲುಗಿ ಬುಡದಲ್ಲಿ ಬಿರುಕು ಬಿಡುತ್ತದೆ. ಹೊಳೆ ಬದಿಯಲ್ಲಿ ಕಾಂಡ್ಲಾ ಇದ್ದರೆ ಮುಟ್ಟಬೇಡಿ, ಅಲೆಯ ಹೊಡೆತ ತಡೆಯುವುದು ಅದೇ. ಹಿಂದೆ ಮಣ್ಣಿನ ಒಡ್ಡು ಇದ್ದಾಗ ವರ್ಷವರ್ಷ ಊರವರೇ ರಿಪೇರಿ ಮಾಡುತ್ತಿದ್ದರು. 1970ರ ದಶಕದಲ್ಲಿ ಸರ್ಕಾರದ ಖಾರ್‌ಲ್ಯಾಂಡ್ (ಉಪ್ಪುನೀರು ತಡೆಯುವ) ಯೋಜನೆಯ ಕಲ್ಲಿನ ಒಡ್ಡು ಬಂದ ಮೇಲೆ ಅದು ಸರ್ಕಾರದ್ದು ಎಂದಾಯಿತು, ಊರಿನ ಕೈ ಬಿಟ್ಟುಹೋಯಿತು. ಗಜನಿ ಪಾಳು ಬೀಳಲು ಸಿಗಡಿಯೊಂದೇ ಕಾರಣ ಎನ್ನುವವರು ಇದನ್ನು ಮರೆಯುತ್ತಾರೆ.

ಕರಿಕಗ್ಗ ಉತ್ತರ:

ಮಣ್ಣಿನ ಬಗ್ಗೆ ಅಷ್ಟು ಹೆದರಬೇಡಿ. ಕುಮಟಾದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಒಂದಡಿ ಆಳದ ಮಣ್ಣಿನ ಉಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ತೊಳೆಯಲು ಸುಮಾರು ಒಂದಡಿ ಸಿಹಿನೀರು ಅದರ ಮೂಲಕ ಹಾದುಹೋದರೆ ಸಾಕು. ಹಾದುಹೋಗಬೇಕು, ನಿಂತರೆ ಸಾಲದು. ಅರ್ಧ ಅಡಿ ನೀರು ನಿಲ್ಲಿಸಿ ಎರಡು ಮೂರು ದಿನ ಬಿಟ್ಟು, ಇಳಿತಕ್ಕೆ ಪೂರ್ತಿ ಬಸಿದು, ಮತ್ತೆ ಮಳೆನೀರು ತುಂಬಿಸಿ. ಹೀಗೆ ನಾಲ್ಕೈದು ಸಲ. ಒಂದೇ ಸಮನೆ ನಿಲ್ಲಿಸಿಡುವುದಕ್ಕಿಂತ ಇದು ಕಡಿಮೆ ನೀರಲ್ಲಿ ಹೆಚ್ಚು ಉಪ್ಪು ತೆಗೆಯುತ್ತದೆ.

ಅಳೆಯಲು ಉಪ್ಪಿನಂಶ ತೋರಿಸುವ ಪೆನ್ನಿನಂಥ ಇಸಿ ಮೀಟರ್ ತನ್ನಿ. ಗದ್ದೆಯ ಐದಾರು ಕಡೆ ನಾಲ್ಕಂಗುಲ ಆಳದಿಂದ ಮಣ್ಣು ತೆಗೆದು ಒಣಗಿಸಿ ಪುಡಿ ಮಾಡಿ, ಒಂದು ಪಾಲು ಮಣ್ಣಿಗೆ ಐದು ಪಾಲು ಮಳೆನೀರು ಅಥವಾ ಬ್ಯಾಟರಿ ನೀರು (ಬಟ್ಟಿ ಇಳಿಸಿದ ನೀರು, ಆ್ಯಸಿಡ್ ಅಲ್ಲ) ಸೇರಿಸಿ ಅಲ್ಲಾಡಿಸಿ, ಅರ್ಧ ಗಂಟೆ ಬಿಟ್ಟು ತಿಳಿಯಲ್ಲಿ ಅದ್ದಿ ನೋಡಿ. ಜೇಡಿ ಮಣ್ಣಿಗೆ ಬಂದ ಅಂಕಿಯನ್ನು ಆರರಿಂದ ಎಂಟರಿಂದ ಗುಣಿಸಿದರೆ ಬೇರಿಗೆ ತಾಗುವ ಉಪ್ಪಿನ ಅಂದಾಜು ಸಿಗುತ್ತದೆ. ಬಾವಿನೀರು ಬೆರೆಸಿದರೆ ಅದರ ಉಪ್ಪೂ ಸೇರಿ ಲೆಕ್ಕ ತಪ್ಪುತ್ತದೆ. ಸಾಮಾನ್ಯ ಭತ್ತ 3 ಡೆಸಿಸೀಮೆನ್ಸ್ (ಇಸಿ ಅಳೆಯುವ ಮಾನ) ದಾಟಿದರೆ ಸೊರಗುತ್ತದೆ, ಅಲ್ಲಿಂದ ಮೇಲೆ ಒಂದೊಂದು ಅಂಕಿಗೂ ಇಳುವರಿ ಶೇ. 12ರಷ್ಟು ಬೀಳುತ್ತದೆ. ಕೇರಳದ ಪೊಕ್ಕಾಳಿಯಂಥ ತಳಿಗಳು 6–8ರವರೆಗೆ ತಡೆಯುತ್ತವೆ. ಕಗ್ಗವೂ ಅದೇ ಬಳಗದ್ದು. ಆದರೆ ಮೊಳಕೆ–ಎಳೆಸಸಿ ಹಂತದಲ್ಲಿ ಮತ್ತು ಹೂ ಬಿಡುವಾಗ ಕಗ್ಗಕ್ಕೂ ಅಷ್ಟು ತಾಳ್ಮೆ ಇಲ್ಲ. ಆದ್ದರಿಂದ ಬಿತ್ತುವ ದಿನ ನಿಂತ ನೀರು 3ರ ಒಳಗೆ ಇರಲಿ. ಮೀಟರ್ ಇಲ್ಲದ ಕಾಲದಲ್ಲಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು, ಉಪ್ಪಿನ ರುಚಿ ಗೊತ್ತಾಗಬಾರದು, ಅಷ್ಟೇ.

ಇನ್ನೊಂದು ಪರೀಕ್ಷೆ ಯಾರೂ ಹೇಳುವುದಿಲ್ಲ. ಕಾಂಡ್ಲಾ ಇದ್ದ ಕಪ್ಪು ಕೆಸರಿನಲ್ಲಿ ಗಂಧಕ ಇರುತ್ತದೆ. ನೀರಿನಡಿ ಇರುವವರೆಗೆ ಸುಮ್ಮನಿರುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟು ಗಾಳಿ ತಾಗಿದರೆ ಆಮ್ಲವಾಗುತ್ತದೆ. ಹಸಿ ಮಣ್ಣಿನ ಪಿಎಚ್ ನೋಡಿ, ಅದೇ ಮಣ್ಣನ್ನು ನೆರಳಲ್ಲಿ ನಾಲ್ಕು ವಾರ ತೇವವಾಗಿ ಇಟ್ಟು ಮತ್ತೆ ನೋಡಿ. 7 ಇದ್ದದ್ದು 4ಕ್ಕೆ ಇಳಿದರೆ ಆ ಭಾಗವನ್ನು ಆಳವಾಗಿ ಉಳಬೇಡಿ, ಬೇಸಿಗೆಯಲ್ಲಿ ಒಣಗಲೂ ಬಿಡಬೇಡಿ. ಬಿರುಕಿನ ಗೋಡೆಯಲ್ಲಿ ತಿಳಿಹಳದಿ ಕಲೆ ಕಂಡರೆ ಪರೀಕ್ಷೆಯೇ ಬೇಡ, ಅದೇ ಲಕ್ಷಣ. ಸುಗ್ಗಿ ಮುಗಿದ ಮೇಲೆ ಹಿರಿಯರು ಗಜನಿಗೆ ಉಪ್ಪು ನೀರು ಬಿಡುತ್ತಿದ್ದುದು ಮೀನಿಗೆ ಮಾತ್ರ ಎಂದುಕೊಂಡಿದ್ದೇವೆ. ಮಣ್ಣು ಹುಳಿಯಾಗದಂತೆ ತಡೆದದ್ದೂ ಅದೇ ನೀರು.

ಬಿತ್ತನೆಗೆ ಎಕರೆಗೆ 35ರಿಂದ 40 ಕಿಲೋ ಬೀಜ. ಕಗ್ಗದ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ. ಮಾಣಿಕಟ್ಟಾ ಕಡೆ ಕಗ್ಗ ಬೆಳೆಗಾರರ ಸಂಘಟನೆ ಇದೆ, ಅಲ್ಲಿ ಡಿಸೆಂಬರ್ ಒಳಗೇ ಮಾತಾಡಿಡಿ. ಮೇ ತಿಂಗಳಲ್ಲಿ ಕೇಳಿದರೆ ಅನ್ನಕ್ಕೆ ಹೋಗಿರುತ್ತದೆ. ಬೀಜ ಜಾಲಾಡಲು ನೀರಿಗೆ ಉಪ್ಪು ಹಾಕುತ್ತ ಹೋಗಿ, ಹಸಿ ಮೊಟ್ಟೆ ತೇಲಿ ಬೆನ್ನು ಕಂಡಾಗ ನಿಲ್ಲಿಸಿ. ಆ ನೀರಲ್ಲಿ ಮುಳುಗಿದ್ದು ಬೀಜ, ತೇಲಿದ್ದು ಕೋಳಿಗೆ. ತಕ್ಷಣ ಎರಡು ಸಲ ಸಿಹಿನೀರಲ್ಲಿ ತೊಳೆಯಿರಿ. ಒಂದು ಹಗಲು–ರಾತ್ರಿ ನೆನೆಸಿ, ಗೋಣಿಯಲ್ಲಿ ಕಟ್ಟಿ ಮೇಲೆ ಹುಲ್ಲು ಹೊದಿಸಿ ಇನ್ನೊಂದು ಒಂದೂವರೆ ದಿನ. ಮೊಳಕೆ ಅಕ್ಕಿಕಾಳಿನ ಅರ್ಧದಷ್ಟು ಬಂದರೆ ಬಿತ್ತಿ. ಉದ್ದ ಬಿಟ್ಟರೆ ಎರಚುವಾಗ ಮುರಿಯುತ್ತದೆ.

ಎರಚುವ ದಿನ ಗದ್ದೆಯಲ್ಲಿ ಒಂದಂಗುಲ ನೀರು ಸಾಕು. ಮೂರು ದಿನ ಹಾಗೇ ಇರಲಿ, ಬೇರು ಕಚ್ಚಿಕೊಳ್ಳುತ್ತದೆ. ಜೋರು ಗಾಳಿಮಳೆ ಇರುವ ದಿನ ಬಿತ್ತಿದರೆ ಬೀಜವೆಲ್ಲ ಒಂದು ಮೂಲೆಗೆ ಹೋಗಿ ಕೂರುತ್ತದೆ. ಏಡಿ ಎಳೆಸಸಿ ಕತ್ತರಿಸುತ್ತದೆ, ಖಾಲಿ ಬಿದ್ದ ಕಡೆಗೆ ದಟ್ಟ ಇದ್ದಲ್ಲಿಂದ ನಾಲ್ಕು ವಾರದ ಸಸಿ ಕಿತ್ತು ನೆಡಿ. ಕಳೆ ಹೆಚ್ಚು ಬರುವುದಿಲ್ಲ, ಉಪ್ಪು ಅದನ್ನು ನೋಡಿಕೊಳ್ಳುತ್ತದೆ. ಗೊಬ್ಬರ ಬೇಡ.

ಜುಲೈ ಮೊದಲ ವಾರ ದಾಟಿ ಬಿತ್ತಬೇಡಿ. ತಡವಾದರೆ ಹೂ ಬಿಡುವುದು ಅಕ್ಟೋಬರ್‌ಗೆ ಹೋಗುತ್ತದೆ. ಆಗ ಮಳೆ ಕಡಿಮೆ, ಹೊಳೆಯಲ್ಲಿ ಸಿಹಿನೀರು ಇಳಿದಿರುತ್ತದೆ, ಅಡಿಯಿಂದ ಉಪ್ಪು ಏರಲು ಶುರು. ಹೂವಿನ ಹೊತ್ತಿನಲ್ಲಿ ತೂಬು ಒಂದು ರಾತ್ರಿ ಸೋರಿದರೂ ಸಾಕು, ತೆನೆ ನೆಟ್ಟಗೆ ನಿಂತಿರುತ್ತದೆ, ಒಳಗೆ ಜೊಳ್ಳು. ತೆನೆ ಬಾಗುವವರೆಗೆ ಕಾಲು ಅಡಿಗೆ ಕಡಿಮೆಯಾಗದಂತೆ ಸಿಹಿನೀರು ಹಿಡಿದಿಡಿ.

ಹೊಳೆದಂಡೆ:

ಇಬ್ಬರಿಗೂ ಧನ್ಯವಾದ, ಇಷ್ಟು ವಿವರ ಸಿಗುತ್ತದೆ ಎಂದುಕೊಂಡಿರಲಿಲ್ಲ. ಎರಡು ಮರುಪ್ರಶ್ನೆ. ಉಪ್ಪು ತಾಳುವ ಹೊಸ ಗಿಡ್ಡ ತಳಿಗಳು ಬಂದಿವೆಯಂತೆ, ಇಳುವರಿ ದುಪ್ಪಟ್ಟು ಎನ್ನುತ್ತಾರೆ. ಕಗ್ಗದ ಬದಲು ಅದನ್ನೇ ಹಾಕಬಾರದೇ? ಮತ್ತೆ ಭತ್ತದ ಹಾಲುಕಾಳು ಹೀರುವ ತಿಗಣೆ ಬಂದರೆ ಔಷಧ ಯಾವುದು ಹೊಡೆಯಬೇಕು?

ಕರಿಕಗ್ಗ:

ಗಿಡ್ಡ ತಳಿ ಬೇಡ ಮಾರಾಯ್ರೇ. ಗಜನಿಯ ಕಷ್ಟ ಉಪ್ಪು ಮಾತ್ರ ಅಲ್ಲ, ಮುಳುಗಡೆ. ಘಟ್ಟದಲ್ಲಿ ಜೋರು ಮಳೆ ಹೊಡೆದ ದಿನವೇ ಕೆಳಗೆ ದೊಡ್ಡ ಭರತವೂ ಇದ್ದರೆ ತೂಬು ತೆರೆದರೂ ನೀರು ಹೊರಗೆ ಹೋಗುವುದಿಲ್ಲ. ಗಜನಿ ಮೂರು ನಾಲ್ಕು ದಿನ ತುಂಬಿ ನಿಲ್ಲುತ್ತದೆ. ಕಗ್ಗ ಐದಡಿ ಮೇಲೆ ಬೆಳೆಯುವ ಪೈರು, ಮುಳುಗಿದರೂ ಒಂದೆರಡು ದಿನದಲ್ಲಿ ತಲೆ ಎತ್ತುತ್ತದೆ. ಮೊಣಕಾಲೆತ್ತರದ್ದು ಅಡಿಯಲ್ಲೇ ಕೊಳೆಯುತ್ತದೆ. ಇನ್ನು ಒಳನಾಡಿನ ಚೌಳು ಭೂಮಿಗೆಂದು ಬಂದ ತಳಿಗಳನ್ನು ಕಡಲ ಉಪ್ಪಿಗೆ ಹಾಕುವುದು ಬೇರೆಯೇ ತಪ್ಪು, ಎರಡೂ ಉಪ್ಪು ಒಂದೇ ಅಲ್ಲ. ಎತ್ತರ ಬೆಳೆಯುವುದಕ್ಕೆ ಇನ್ನೊಂದು ಕಾರಣ ಕೊಯ್ಲಿನಲ್ಲಿದೆ: ತೆನೆ ಮಾತ್ರ ಕೊಯ್ದು ದಂಟನ್ನು ನೀರಲ್ಲೇ ಬಿಡುತ್ತಾರೆ. ಅದು ಕೊಳೆತು ಮುಂದಿನ ಮೀನು–ಸಿಗಡಿಯ ಮೇವಾಗುತ್ತದೆ. ಗಿಡ್ಡ ತಳಿಯಲ್ಲಿ ಬಿಡಲು ದಂಟೇ ಇರುವುದಿಲ್ಲ. ಎಕರೆಗೆ ಆರೇಳು ಕ್ವಿಂಟಲ್ ಭತ್ತ ಬಂದರೆ ಚೆನ್ನಾಗಿ ಬಂತು ಎಂದೇ ಲೆಕ್ಕ. ಇಳುವರಿಯೊಂದನ್ನೇ ಹಿಡಿದು ಹೋಲಿಸಿದರೆ ಕಗ್ಗ ಸೋಲುತ್ತದೆ, ಅದರ ಜೊತೆ ಬರುವ ಮೀನನ್ನೂ ಸೇರಿಸಿ ನೋಡಬೇಕು.

ತಿಗಣೆಗೆ ಔಷಧ ಹೊಡೆಯಬೇಡಿ. ಅಂಗಡಿಯವರು ಕೊಡುವ ಬಹುಪಾಲು ಪೈರೆಥ್ರಾಯ್ಡ್ ಔಷಧಗಳು ಸಿಗಡಿ, ಏಡಿಗೆ ಮೀನಿಗಿಂತಲೂ ವಿಷ. ಒಂದು ಮೂಲೆಯಲ್ಲಿ ಹೊಡೆದದ್ದು ಇಡೀ ಗಜನಿಯ ಆ ವರ್ಷದ ಶೆಟ್ಲಿಯನ್ನು (ಸಿಗಡಿ) ತೆಗೆದುಬಿಡುತ್ತದೆ, ಜಗಳ ಊರಿಗೆಲ್ಲ. ಎಲ್ಲರೂ ಒಂದೇ ವಾರದಲ್ಲಿ ಬಿತ್ತಿದರೆ ಹಾಲುಕಾಳು ಒಟ್ಟಿಗೇ ಬರುತ್ತದೆ, ತಿಗಣೆಯ ಹಾವಳಿ ಹಂಚಿಹೋಗುತ್ತದೆ. ಹಿಂದೆ ಮುಂದೆ ಬಿತ್ತಿದವರ ಗದ್ದೆಗೇ ಅದು ಮುತ್ತುವುದು.

ಅಕ್ಕಿಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಕೆಂಪು, ಗುಂಡು ಕಾಳು. ಗಂಜಿಗೆ ಇದಕ್ಕೆ ಸಾಟಿ ಇಲ್ಲ, ಬಳಚಿನ (ಹೊಳೆಯ ಚಿಪ್ಪುಜೀವಿ) ಸಾರು ಜೊತೆಗಿದ್ದರೆ ಬೇರೆ ಹೇಳಬೇಕಿಲ್ಲ. ಕುಚ್ಚಲು ಮಾಡದೆ ಮಿಲ್ಲಿಗೆ ಕೊಟ್ಟರೆ ನುಚ್ಚಾಗುತ್ತದೆ. ರಾತ್ರಿ ನೆನೆಸಿ, ಹೊಟ್ಟು ಸಣ್ಣಗೆ ಬಾಯಿಬಿಡುವವರೆಗೆ ಹಬೆಯಲ್ಲಿ ಬೇಯಿಸಿ, ಮೊದಲ ದಿನ ನೆರಳಲ್ಲೇ ಹರಡಿ. ಸೀದಾ ಬಿಸಿಲಿಗೆ ಹಾಕಿದರೆ ಕಾಳು ಒಳಗೇ ಬಿರಿಯುತ್ತದೆ. ಮಿಲ್ಲಿನಲ್ಲಿ ಒಂದೇ ಸಲ ಹಾಯಿಸಿ, ಪಾಲಿಶ್ ಬೇಡ ಎಂದು ಮೊದಲೇ ಹೇಳಿ. ಕೆಂಪು ಹೋದರೆ ಕಗ್ಗ ಎಂದು ಯಾರೂ ನಂಬುವುದಿಲ್ಲ.

ಶೆಟ್ಲಿಬಲೆ ಉತ್ತರ:

ಮೀನಿನ ಕಡೆಯಿಂದ ಎರಡು ಮಾತು. ಮೇಲೆ ಎಲ್ಲರೂ ತೂಬನ್ನು ಭತ್ತದ ಕಣ್ಣಿಂದಲೇ ನೋಡಿದ್ದಾರೆ. ಗಜನಿಯಲ್ಲಿ ದುಡ್ಡು ಓಡಾಡುವುದು ನವೆಂಬರ್ ನಂತರ. ಮೀನು ಹಿಡಿಯುವ ಹಕ್ಕಿನ ಹರಾಜಿನ ಹಣದಲ್ಲೇ ಒಡ್ಡು–ತೂಬಿನ ಖರ್ಚು ತೆಗೆಯುವುದು ಹಳೆಯ ಪದ್ಧತಿ. ಆ ಹಣ ಹಿಡುವಳಿದಾರರಿಗೆ ಪೂರ್ತಿ ಹಂಚಿಹೋಗಲು ಶುರುವಾದ ಕಡೆಯೆಲ್ಲ ತೂಬು ಮೊದಲು ಕೆಟ್ಟಿದೆ, ಆಮೇಲೆ ಕಗ್ಗ.

ಒಪ್ಪಂದದಲ್ಲಿ ತಾರೀಖು ಬರೆಯದಿದ್ದರೆ ಗುತ್ತಿಗೆ ಹಿಡಿದವನು ಜೂನ್‌ವರೆಗೂ ಉಪ್ಪು ನೀರು ಹಿಡಿದಿಡುತ್ತಾನೆ, ಏಕೆಂದರೆ ಕೊನೆಯ ತಿಂಗಳ ಶೆಟ್ಲಿಯೇ ದಪ್ಪ. ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿ ಸಿಗಡಿಗೆ ನವೆಂಬರ್ 15ರಿಂದ ಏಪ್ರಿಲ್ 14ರವರೆಗೆ ಮಾತ್ರ ಅವಕಾಶ, ಉಳಿದದ್ದು ಭತ್ತಕ್ಕೆ. ಅಲ್ಲಿಯೂ ಅದನ್ನು ಮುರಿಯುವವರಿದ್ದಾರೆ, ಆದರೆ ಮುರಿದರು ಎಂದು ತೋರಿಸಲು ಒಂದು ತಾರೀಖಾದರೂ ಇದೆ. ನೀವೂ ಏಪ್ರಿಲ್ ಮಧ್ಯ ಎಂದು ಬರೆಯಿರಿ. ಹಲಗೆಯ ಕೀಲಿ ಗುತ್ತಿಗೆದಾರನ ಕೈಗೆ ಕೊಡಬೇಡಿ, ತೂಬು ಕಾಯುವವನಿಗೆ ಸಂಬಳ ಹಿಡುವಳಿದಾರರ ಸಮಿತಿಯೇ ಕೊಡಲಿ.

ಹಳೆಯ ಸಿಗಡಿ ಹೊಂಡಗಳನ್ನು ಒಬ್ಬರು ಬಾಡಿಗೆಗೆ ಕೇಳಿಕೊಂಡು ಬಂದೇ ಬರುತ್ತಾರೆ, ನೋಡುತ್ತಿರಿ. ಹೊರಗಿನ ಮರಿ ತಂದು, ಮೇವು ಹಾಕಿ, ಒತ್ತೊತ್ತಾಗಿ ಬೆಳೆಸುವ ಕೃಷಿ 1990ರ ದಶಕದಲ್ಲಿ ನಮ್ಮ ಕರಾವಳಿಯಲ್ಲೆಲ್ಲ ಹರಡಿತು. 1994–95ರಲ್ಲಿ ಬಿಳಿಚುಕ್ಕೆ ರೋಗ ದೇಶಕ್ಕೇ ಬಂದು ಹೊಂಡಗಳು ಖಾಲಿಯಾದವು. ಆ ವೈರಸ್ ಏಡಿಗಳಲ್ಲೂ ಇರುತ್ತದೆ, ಹೊಂಡ ಒಣಗಿಸಿದ ಮಾತ್ರಕ್ಕೆ ಪಕ್ಕದ ತೋಡಿನ ಏಡಿ ಹೋಗುವುದಿಲ್ಲ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗೆ ಸಾಂಪ್ರದಾಯಿಕವಲ್ಲದ ಸಿಗಡಿ ಕೃಷಿ ನಿಲ್ಲಿಸಿ ಎಂದಿತು, 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂತು, 2023ರಲ್ಲಿ ತಿದ್ದುಪಡಿಯಾಯಿತು. ನೋಂದಣಿ ಇಲ್ಲದೆ ಹೊಂಡ ಕೊಟ್ಟರೆ ಜಾಗದ ಮಾಲೀಕರಾಗಿ ನೀವೂ ಉತ್ತರ ಹೇಳಬೇಕಾದೀತು. ನನ್ನ ಕೇಳಿದರೆ ಹೊಂಡದ ಏರಿ ಎರಡು ಕಡೆ ಒಡೆದು ಗಜನಿಗೆ ಸೇರಿಸಿಬಿಡಿ. ಇಳಿತದಲ್ಲೂ ನೀರು ನಿಲ್ಲುವ ಆಳದ ಜಾಗ ಮೀನಿಗೆ ಬೇಕು.

ಭರತಕ್ಕೆ ತೂಬು ತೆರೆದಾಗ ಮರಿ ಒಳಗೆ ಬರುತ್ತದೆ. ರಾತ್ರಿ ಭರತಕ್ಕೆ ಬರುವ ಶೆಟ್ಲಿ ಹೆಚ್ಚು. ಇಳಿತಕ್ಕೆ ಬಿಡುವಾಗ ತೂಬಿನ ಬಾಯಿಗೆ ಬಲೆ ಕಟ್ಟುತ್ತಾರೆ. ಸಣ್ಣ ಕಣ್ಣಿನ ಬಲೆ ಕಟ್ಟಿದರೆ ಬಂದ ಮರಿಯೂ ಅದೇ ರಾತ್ರಿ ಹೋಯಿತು. ಬಲೆಯ ಕಣ್ಣಿನ ಅಳತೆಯನ್ನೂ ಹರಾಜಿನ ಷರತ್ತಿಗೆ ಸೇರಿಸಿ.

ಬಳಚು ಬೇರೆ ವಿಷಯವಾದರೂ ನಿಮ್ಮ ಊರಿನ ಹೆಂಗಸರ ಗಳಿಕೆ ಅದರಲ್ಲೇ ಇರುವುದರಿಂದ ಹೇಳುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯವರು 2008ರ ಸುಮಾರಿಗೆ ಲೆಕ್ಕ ಹಾಕಿದಾಗ ಈ ಅಳಿವೆಯಿಂದ ವರ್ಷಕ್ಕೆ 22 ಸಾವಿರ ಟನ್‌ನಷ್ಟು ಚಿಪ್ಪುಜೀವಿ ತೆಗೆಯುತ್ತಿದ್ದರು, ಎರಡು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಗಜನಿಯಿಂದ ಹೊರಹೋಗುವ ಕೊಳೆತ ದಂಟಿನ ನೀರು ಬಳಚಿಗೂ ಮೇವು. ಕೇರಳದ ಅಷ್ಟಮುಡಿಯಲ್ಲಿ ಇದೇ ಬಗೆಯ ಬಳಚಿಗೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಿಷೇಧ, ಬಲೆಯ ಕಣ್ಣು 30 ಮಿ.ಮೀ.ಗೆ ಕಡಿಮೆ ಇರಬಾರದು ಎಂಬ ನಿಯಮ ಮಾಡಿಕೊಂಡರು. 2014ರಲ್ಲಿ ಅಂತರರಾಷ್ಟ್ರೀಯ ಪ್ರಮಾಣಪತ್ರವೂ ಸಿಕ್ಕಿತು. ಇಲ್ಲಿ ಅಂಥದ್ದೊಂದು ಮಾತುಕತೆ ಇನ್ನಾದರೂ ಶುರುವಾಗಬೇಕು.

ತೂಬುಹಲಗೆ:

ಹೊಂಡದ ಏರಿ ಒಡೆಯುವ ವಿಷಯಕ್ಕೆ ಸಣ್ಣ ತಿದ್ದುಪಡಿ. ಮೊದಲು ಒಡ್ಡು ಗಟ್ಟಿ ಮಾಡಿ, ಆಮೇಲೆ ಒಡೆಯಿರಿ. ಹಳೆಯ ಹೊಂಡ ಒಡ್ಡಿಗೆ ಅಂಟಿಕೊಂಡೇ ಇದ್ದರೆ ಅದರ ಏರಿಯೇ ಈಗ ಒಡ್ಡನ್ನು ಹಿಡಿದು ನಿಲ್ಲಿಸಿರಬಹುದು. ಒಡ್ಡಿನ ಬುಡದಿಂದ ಹತ್ತು ಹನ್ನೆರಡು ಅಡಿಯೊಳಗೆ ಆಳ ಇದ್ದರೆ ಆ ಭಾಗ ತುಂಬಿಸಿ. ತುಂಬಲು ಮಣ್ಣು ಬೇಕಾದರೆ ಹೊಂಡದ ನಡುವಿನ ಏರಿಯದ್ದೇ ತೆಗೆಯಿರಿ, ಗದ್ದೆಯ ಮೇಲ್ಮಣ್ಣು ಕೆರೆಯಬೇಡಿ.

ಪಹಣಿನಕ್ಷೆ ಉತ್ತರ:

ರಾಮ್ಸಾರ್ ಬಗ್ಗೆ ಊರಲ್ಲಿ ಓಡಾಡುತ್ತಿರುವ ಸುದ್ದಿ ಅರ್ಧಂಬರ್ಧ. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪಟ್ಟಿಗೆ ಸೇರಿದ್ದನ್ನು ಕೇಂದ್ರ ಪ್ರಕಟಿಸಿದ್ದು 2024ರ ಜನವರಿ ಕೊನೆಗೆ, ಮಾಗಡಿ ಕೆರೆ, ಅಂಕಸಮುದ್ರಗಳ ಜೊತೆ. ರಾಜ್ಯದಲ್ಲಿ ಅದಕ್ಕೂ ಮುಂಚೆ ಇದ್ದದ್ದು 2022ರ ರಂಗನತಿಟ್ಟು ಒಂದೇ. ರಾಮ್ಸಾರ್ ಒಪ್ಪಂದದ ಮೂಲ ಮಾತೇ ವಿವೇಕದ ಬಳಕೆ, ಅಂದರೆ ಜೌಗಿನ ಗುಣ ಕೆಡದಂತೆ ಬಳಸಿ ಎಂದು. ಕಗ್ಗ ಬೆಳೆಯುವುದು, ಬಳಚು ಹೆಕ್ಕುವುದು, ಸಾಣಿಕಟ್ಟೆಯ ಉಪ್ಪಿನ ಆಗರ, ಇವೆಲ್ಲ ಆ ಗುಣದ ಭಾಗಗಳೇ. ಗದ್ದೆಗೆ ಇಳಿಯುವುದನ್ನು ಅದು ತಡೆಯುವುದಿಲ್ಲ. ಮಣ್ಣು ತುಂಬಿಸಿ ಸೈಟು ಮಾಡಲು ಹೊರಟರೆ ತಡೆ ಬರಬೇಕು.

2017ರ ಜೌಗು ನಿಯಮಗಳು ರಾಮ್ಸಾರ್ ತಾಣಗಳಿಗೆ ಅನ್ವಯ. ಆದರೆ ಕರಾವಳಿ ನಿಯಂತ್ರಣ ವಲಯದೊಳಗಿನ ಜಾಗವನ್ನು ಅದೇ ನಿಯಮ ಹೊರಗಿಟ್ಟು, ಅಲ್ಲಿ ಕರಾವಳಿ ನಿಯಮವೇ ನಡೆಯಲಿ ಎನ್ನುತ್ತದೆ. ನಿಮಗೆ ತಾಗುವುದು ಅದು. ಅದರಲ್ಲಿ ಕಾಂಡ್ಲಾ ಇರುವ ಜಾಗ ಅತ್ಯಂತ ಸೂಕ್ಷ್ಮ ವರ್ಗಕ್ಕೆ ಸೇರುತ್ತದೆ. 1,000 ಚದರ ಮೀಟರ್ ಮೀರಿದರೆ ಸುತ್ತ 50 ಮೀಟರ್ ಬಫರ್. ಖಾಸಗಿ ಜಮೀನಿನ ಕಾಂಡ್ಲಾಕ್ಕೆ ಬಫರ್ ಬೇಡ ಎಂದು 2019ರ ಅಧಿಸೂಚನೆ ಸಡಿಲಿಸಿದೆ. ಬಫರ್ ಬೇಡ ಎಂದರೆ ಕಡಿಯಬಹುದು ಎಂದಲ್ಲ. ನಿಮ್ಮ ಕಾಲು ಭಾಗದ ಕಾಂಡ್ಲಾವನ್ನು ಹಾಗೇ ಬಿಟ್ಟು, ಒಡ್ಡಿನೊಳಗಿನ ಆ ಜಾಗವನ್ನು ಮೀನುಮರಿಗೆ ಎಂದು ಸಮಿತಿಯ ನಕ್ಷೆಯಲ್ಲೇ ಗುರುತಿಸಿ. ಆ ಹಿಡುವಳಿದಾರರಿಗೆ ಹರಾಜಿನ ಹಣದಲ್ಲಿ ಪಾಲು ಕೊಡಿ, ಇಲ್ಲದಿದ್ದರೆ ರಾತ್ರೋರಾತ್ರಿ ಕತ್ತಿ ಬೀಳುತ್ತದೆ. ಗೋವಾದ ಖಾಜನ್ ಗದ್ದೆಗಳಿಗೆ ಕರಾವಳಿ ಅಧಿಸೂಚನೆಯಲ್ಲಿ ಹೆಸರು ಹೇಳಿ ಪ್ರತ್ಯೇಕ ಮಾತಿದೆ, ಅದೇ ಬಗೆಯ ನಮ್ಮ ಗಜನಿಗೆ ಇಲ್ಲ. ಕೇಳಬೇಕಾದ್ದು ಅದನ್ನು.

ಕಾಗದದ ಕೆಲಸ: ಮೊದಲು ಎಲ್ಲ ಸರ್ವೆ ನಂಬರುಗಳ ಪಹಣಿ ತೆಗೆಸಿ. ಸತ್ತವರ ಹೆಸರಲ್ಲಿ ಇರುವುದು, ಪೌತಿ ಖಾತೆ ಆಗದಿರುವುದು ಎಷ್ಟಿದೆ ನೋಡಿ. ಅವರ ವಾರಸುದಾರರು ಮುಂಬೈಯಲ್ಲೋ ಬೆಂಗಳೂರಲ್ಲೋ ಇರುತ್ತಾರೆ, ಸಹಿ ಹಾಕಿಸುವುದಕ್ಕೇ ಆರು ತಿಂಗಳು ಬೇಕು. ಒಡ್ಡು–ತೂಬಿನ ರಿಪೇರಿಗೆ ಸಣ್ಣ ನೀರಾವರಿ ಇಲಾಖೆಗೆ ಅರ್ಜಿ. ಅದರ ಜೊತೆ ಗ್ರಾಮ ಪಂಚಾಯ್ತಿ ಠರಾವು, ಕುಸಿದ ಜಾಗದ ಉದ್ದ ಮೀಟರಿನಲ್ಲಿ, ತೂಬಿನ ಗಾಡಿಯ ಅಳತೆ, ಇಳಿತದ ಹೊತ್ತಿನಲ್ಲಿ ತೆಗೆದ ಫೋಟೊ ಇರಲಿ. ಭರತದ ಫೋಟೊದಲ್ಲಿ ನೀರು ಬಿಟ್ಟು ಬೇರೇನೂ ಕಾಣುವುದಿಲ್ಲ. ಎಷ್ಟೋ ಅರ್ಜಿ ಸ್ಥಳ ಪರಿಶೀಲನೆಗೆ ಕಾಯುತ್ತ ಕೂರುವುದು ಇದೇ ಕಾರಣಕ್ಕೆ.

ದೊಡ್ಡ ಚಿತ್ರವನ್ನೂ ಮರೆಯಬೇಡಿ. ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಜನರ ವಿರೋಧಕ್ಕೆ ಬಿದ್ದುಹೋಯಿತು, ಬಂದರಿನ ಮಾತು ಆಗಾಗ ಏಳುತ್ತಲೇ ಇದೆ. ಈಗ ಶಿರಸಿ–ಸಿದ್ದಾಪುರದ ಕಡೆ ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ಜೋಡಣೆಯ ವಿರುದ್ಧ ಹೋರಾಟ ನಡೆದಿದೆ. ಘಟ್ಟದ ಮೇಲಿನವರ ಅಡಿಕೆ ತೋಟದ ಪ್ರಶ್ನೆ ಎಂದು ಕೆಳಗಿನವರು ಸುಮ್ಮನಿದ್ದಾರೆ. ಅಣೆಕಟ್ಟಿಲ್ಲದ ಈ ಹೊಳೆಯಲ್ಲಿ ಮಳೆಗಾಲದ ನೀರು ವ್ಯರ್ಥವಾಗಿ ಸಮುದ್ರ ಸೇರುತ್ತದೆ ಎಂಬುದೇ ಆ ಯೋಜನೆಯ ವಾದ. ಕರಿಕಗ್ಗ ಅವರು ಮೇಲೆ ಹೇಳಿದ ನಾಲ್ಕೈದು ಸಲದ ತೊಳೆತ ನೋಡಿ. ಗದ್ದೆ ತೊಳೆಯುವುದು ಮಳೆನೀರಾದರೂ, ತೂಬಿನ ಹೊರಗೆ ಹೊಳೆ ಸಿಹಿಯಾಗಿದ್ದರೆ ಮಾತ್ರ ಸೋರಿದ ಹನಿಯೂ ಸಿಹಿ. ಸೆಪ್ಟೆಂಬರ್‌ನಲ್ಲಿ ಹೊಳೆಯ ಹರಿವು ಇಳಿದಷ್ಟೂ ಕಡಲ ನೀರು ಮೇಲಕ್ಕೆ ಬರುವುದು ಬೇಗ, ಕಗ್ಗ ಹೂ ಬಿಡುವುದೂ ಅದೇ ಹೊತ್ತಿಗೆ.

ಹೊಳೆದಂಡೆ:

ಅರ್ಥವಾಯಿತು. ಬರುವ ಜೂನ್‌ಗೆ ಬಿತ್ತಬೇಕು ಎಂದಿದ್ದೆ, ಬಿಟ್ಟೆ. ಈ ವರ್ಷ ಪಹಣಿ, ಸಭೆ, ತೂಬು. ಮಣ್ಣಿನ ಮಾದರಿ ಮಾತ್ರ ಈಗಲೇ ತೆಗೆಯಬಹುದೇ?

ಕರಿಕಗ್ಗ:

ಒಂದು ಸಲ ಏಪ್ರಿಲ್ ಕೊನೆಗೆ ತೆಗೆಯಿರಿ, ಉಪ್ಪು ಅತಿ ಹೆಚ್ಚು ಇರುವುದು ಆಗ. ಇನ್ನೊಂದು ಸಲ ಜುಲೈ ಮೊದಲ ವಾರ, ಅದೇ ಜಾಗಗಳಲ್ಲಿ, ಗೂಟ ಹೊಡೆದು ಗುರುತಿಟ್ಟುಕೊಂಡು. ತೂಬು ಸರಿಯಿಲ್ಲದೆಯೂ ಎಷ್ಟು ತೊಳೆಯಿತು ಎಂದು ತಿಳಿಯುತ್ತದೆ. ಬಿತ್ತನೆ ಬಿಟ್ಟರೂ ಬೀಜ ಬಿಡಬೇಡಿ: ಐದು ಕಿಲೋ ತಂದು ಎತ್ತರದ ಸಿಹಿನೀರಿನ ಗದ್ದೆಯ ಒಂದು ಮೂಲೆಯಲ್ಲಿ ಹಾಕಿಡಿ, ಮುಂದಿನ ವರ್ಷಕ್ಕೆ ನಿಮ್ಮ ಎರಡೂವರೆ ಎಕರೆಯ ಬೀಜ ಮನೆಯಲ್ಲೇ ಆಗುತ್ತದೆ. ಪಕ್ಕದಲ್ಲಿ ಬೇರೆ ಭತ್ತ ಇದ್ದರೆ ಹತ್ತಡಿಯಾದರೂ ಅಂತರ ಬಿಡಿ. ಹಾಗೂ ಗೊಬ್ಬರ ಹಾಕಬೇಡಿ, ಎತ್ತರಕ್ಕೆ ಬೆಳೆದು ಅಡ್ಡ ಬೀಳುತ್ತದೆ.

ತೂಬುಹಲಗೆ:

ಸಭೆ ಕರೆಯುವುದಾದರೆ ಹುಣ್ಣಿಮೆಯ ದಿನ ಸಂಜೆ ಐದಕ್ಕೆ ತೂಬಿನ ಹತ್ತಿರವೇ ಕರೆಯಿರಿ. ಇಳಿತ ಇರುತ್ತದೆ, ಯಾವ ಹಲಗೆ ಇಲ್ಲ, ಯಾವ ಗಾಡಿ ಒಡೆದಿದೆ ಎಂದು ಎಲ್ಲರಿಗೂ ಕಣ್ಣಿಗೇ ಕಾಣುತ್ತದೆ.